ಎತ್ತದ ಫೋನು

ನಮ್ಮೂರಿನವರು ಬಾಗಿಲಿಗೆ ಬೀಗ ಹಾಕದೆ ಹೊರಗೆ ಹೋಗುತ್ತಿದ್ದರು, ಆದರೆ ಎಕ್ಸ್‌ಚೇಂಜಿಗೆ ಹೇಳದೆ ಹೋಗುತ್ತಿರಲಿಲ್ಲ. ಹಿಟ್ಟಿನ ಗಿರಣಿಗೇ ಹೋಗಲಿ, ಬೀಗರ ಮನೆಗೇ ಹೋಗಲಿ, ಹೊಸ್ತಿಲು ದಾಟುವ ಮುಂಚೆ ಫೋನೆತ್ತಿ, 'ನೀಲವ್ವಾ, ನಾ ಗಿರಣಿಗೆ ಹೊಂಟೇನಿ' ಎಂದು ನನಗೊಂದು ಮಾತು ಹೇಳಿಯೇ ಹೋಗಬೇಕು. ಅವರ ಮನೆಗೆ ಯಾರಾದರೂ ಫೋನು ಮಾಡಿ, ಏಳು ರಿಂಗಾದರೂ ಎತ್ತುವವರಿಲ್ಲದಿದ್ದರೆ ಆ ಕರೆ ನನ್ನ ಹತ್ತಿರ ಬರುತ್ತಿತ್ತು. 'ಗಿರಣಿಗೆ ಹೋಗ್ಯಾರ, ಅರ್ಧ ತಾಸಿಗೆ ಬರತಾರ' ಎಂದು ನಾನು ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೇ ಹೇಳಿದೆ. ಆರುನೂರು ಮನೆಗಳ ಜನ ಯಾವ ಹೊತ್ತಿನಲ್ಲಿ ಎಲ್ಲಿದ್ದಾರೆ ಎಂಬುದೆಲ್ಲ ನನ್ನ ತಲೆಯಲ್ಲಿತ್ತು. ದೇವರನ್ನು ಬಿಟ್ಟರೆ ನೀಲವ್ವಗೇ ಗೊತ್ತು ಎಂದು ಜನ ಚೇಷ್ಟೆ ಮಾಡುತ್ತಿದ್ದರು. ದೇವರಿಗೆ ನೋಡಿಕೊಳ್ಳಲು ಬೇರೆ ಊರುಗಳೂ ಇವೆ, ನನಗೆ ಇರುವುದು ಇದೊಂದೇ, ಹಾಗಾಗಿ ಈ ಊರಿನ ಮಟ್ಟಿಗೆ ನನ್ನ ಮಾತೇ ಹೆಚ್ಚು ಖಚಿತ ಎಂದು ನಾನೂ ಒಳಗೊಳಗೆ ಉಬ್ಬಿಕೊಂಡಿದ್ದೆ.

ಎಕ್ಸ್‌ಚೇಂಜಿನ ಹಳೆಯ ಯಂತ್ರಕ್ಕೆ ದೊಡ್ಡವ್ವ ಎಂದು ಹೆಸರು. ಗೋಡೆಯಿಂದ ಗೋಡೆಗೆ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ತಂತಿ. ಅವಳಿಗೆ ಸೆಕೆ ತಡೆಯುತ್ತಿರಲಿಲ್ಲ, ಬೇಸಿಗೆಯಲ್ಲಿ ಎರಡು ಫ್ಯಾನು ಹಚ್ಚಬೇಕು. ಅಮಾವಾಸ್ಯೆಗೊಮ್ಮೆ ಯಾವುದಾದರೊಂದು ಓಣಿಯ ಫೋನುಗಳು ಸತ್ತುಹೋಗುತ್ತಿದ್ದವು. ನಾನು ಬೆಸುಗೆ ಕಡ್ಡಿ ಹಿಡಿದು ಅವಳ ಬೆನ್ನ ಹಿಂದೆ ಕುಳಿತು ಸರಿಮಾಡುತ್ತಿದ್ದೆ. ಬೈಯುತ್ತಲೇ ಮಾಡುತ್ತಿದ್ದೆ, ಆದರೆ ಅವಳಿಗೆ ಇನ್ನೊಬ್ಬರು ಕೈ ಹಚ್ಚಿದರೆ ನನಗೆ ಸೇರುತ್ತಿರಲಿಲ್ಲ.

ಆ ವರ್ಷ ಕಂಪನಿಯಿಂದ ಪದ್ಮರಾಜ ಎಂಬ ಅಧಿಕಾರಿ ಬಂದ. ಸಣ್ಣ ವಯಸ್ಸು, ಮೆತ್ತಗಿನ ಮಾತು. ಚಾವಡಿಯಲ್ಲಿ ಊರವರನ್ನು ಕೂಡಿಸಿ, ಇನ್ನು ಮುಂದೆ ಫೋನೆಲ್ಲ ಕ್ಲೌಡ್ ಪದ್ಧತಿಯಲ್ಲಿ ನಡೆಯುತ್ತದೆ ಎಂದು ಹೇಳಿದ.

'ಒಂದೇ ದೊಡ್ಡ ಯಂತ್ರ ಎಲ್ಲ ಕೆಲಸ ಮಾಡೋದು ಹಳೇ ಕಾಲದ ಮಾತು. ಇನ್ನು ಸಣ್ಣ ಸಣ್ಣ ಘಟಕಗಳು, ಒಂದೊಂದಕ್ಕೆ ಒಂದೊಂದೇ ಕೆಲಸ. ಕರೆ ಹೆಚ್ಚಾದರೆ ಅವೂ ಹೆಚ್ಚಾಗ್ತವೆ, ಕಡಿಮೆಯಾದರೆ ಹೋಗಿಬಿಡ್ತವೆ. ಒಂದು ಕೆಟ್ಟರೆ ರಿಪೇರಿ ಇಲ್ಲ. ಅದು ಹೋಗಿ ಅದರ ಜಾಗಕ್ಕೆ ಇನ್ನೊಂದು ತಾನಾಗೇ ಬರ್ತದೆ.'

'ಎಲ್ಲಿಂದ ಬರತದ?' ಎಂದು ಮುಂದಿನ ಸಾಲಿನಲ್ಲಿ ಕೂತಿದ್ದ ಕಾಶವ್ವ ಕೇಳಿದಳು.

'ಎಲ್ಲಿಂದ ಅನ್ನೋದು ಮುಖ್ಯ ಅಲ್ಲಮ್ಮ. ಅದೇ ಇದರ ಅನುಕೂಲ.'

ಕಾಶವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕ್ಲೌಡ್ ಅಂದರೆ ಮೋಡ ಎಂದು ಯಾರೋ ಓದಿದವರು ಹೇಳಿದ್ದರಿಂದ ಊರವರು ಒಂದು ವಾರ ಆಕಾಶ ನೋಡಿದರು. ಆಕಾಶದಲ್ಲಿ ಏನೂ ಬರಲಿಲ್ಲ. ಬಂದದ್ದು ಓಣಿಯಲ್ಲಿ.

ಎಂಟು ಅಡಿ ಅಗಲದ ಕೋಣೆಗಳು. ಒಂದು ಬಾಗಿಲು, ಒಂದು ಕಿಟಕಿ, ಒಳಗೆ ಒಂದು ಮೇಜು, ಮೇಜಿನ ಮೇಲೆ ಫೋನು, ಫೋನಿನ ಮುಂದೆ ಒಬ್ಬರು. ನಿನ್ನೆ ಬಯಲಾಗಿದ್ದ ಕಡೆ ಇಂದು ಬೆಳಿಗ್ಗೆ ಕೋಣೆ ನಿಂತಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಯಲು. ಸಂತೆಯ ದಿನ ಪೇಟೆ ಬೀದಿಯಲ್ಲಿ ನಾನೇ ಎಣಿಸಿದಂತೆ ನಲವತ್ತಮೂರು ಕೋಣೆಗಳಿದ್ದವು, ಎತ್ತಿನ ಗಾಡಿ ದಾಟಲು ಜಾಗವಿರಲಿಲ್ಲ. ಜನ ಊಟಕ್ಕೆ ಕೂತ ಹೊತ್ತಿನಲ್ಲಿ ಊರಿಗೆಲ್ಲ ಎರಡೇ. ಕಾಶವ್ವ ತನ್ನ ಆಡನ್ನು ಒಂದು ಕೋಣೆಯ ಕದದ ಚಿಲಕಕ್ಕೆ ಕಟ್ಟಿ ಎಲೆ ಅಡಿಕೆ ತರಲು ಹೋಗಿದ್ದಳು. ಬಂದು ನೋಡಿದರೆ ಆಡಿತ್ತು, ಹಗ್ಗವಿತ್ತು, ಹಗ್ಗದ ಆ ತುದಿಯಲ್ಲಿ ಏನೂ ಇರಲಿಲ್ಲ. ಆಡು ಪಾಪ ಕಟ್ಟಿಹಾಕಿದ್ದಾರೆಂದೇ ತಿಳಿದು ಅಲ್ಲೇ ನಿಂತಿತ್ತಂತೆ. ಒಳಗಿದ್ದವರ ಮುಖ ನೆನಪಿಟ್ಟುಕೊಳ್ಳುವಷ್ಟು ಹೊತ್ತು ಯಾರೂ ಇರುತ್ತಿರಲಿಲ್ಲ. ಎಲ್ಲರೂ ಸಭ್ಯರು. ಏನು ಕೇಳಿದರೂ 'ಹೇಳಿ' ಎನ್ನುತ್ತಿದ್ದರು.

ಜನ ಹೊಂದಿಕೊಂಡರು. ಕೋಣೆಯ ನೆರಳು ನಂಬಿ ಹಪ್ಪಳ ಹಾಕಬಾರದು, ಅದರ ಗೋಡೆಗೆ ಸೈಕಲ್ ಒರಗಿಸಬಾರದು ಎಂಬುದನ್ನು ಒಂದು ತಿಂಗಳಲ್ಲಿ ಕಲಿತರು. ಆದರೆ ಹೊರಗೆ ಹೋಗುವಾಗ ಹೇಳಿಹೋಗುವ ಪದ್ಧತಿಗೆ ಮಾತ್ರ ಅಡ್ಡಿ ಬಂತು. ಒಂದು ಕೋಣೆಯವರಿಗೆ 'ಗಿರಣಿಗೆ ಹೊಂಟೇನಿ' ಎಂದರೆ ಅವರು ಬರೆದುಕೊಳ್ಳುತ್ತಿದ್ದರು. ಆ ಕೋಣೆ ಹೋದರೆ ಬರೆದದ್ದೂ ಹೋಯಿತು. ಆಮೇಲೆ ಬಂದವರಿಗೆ ಗಿರಣಿ ಎಲ್ಲಿದೆಯೆಂಬುದೇ ಗೊತ್ತಿಲ್ಲ. ಕೆಲವರು ಇರಲಿ ಎಂದು ಮೂರು ಕೋಣೆಗಳಿಗೆ ಹೇಳಿಹೋದರು. ಕೆಲವರು ತಮ್ಮ ಬಾಗಿಲ ಮೇಲೇ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟರು. ನೆನಪಿಟ್ಟುಕೊಳ್ಳುವುದು ಕೋಣೆಗಳ ಕೆಲಸ ಅಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬರುತ್ತದೆ ಎಂದ ಪದ್ಮರಾಜ. ಅದು ನಾನು ಇದನ್ನು ಬರೆಯುವವರೆಗೂ ಬಂದಿಲ್ಲ.

ದೊಡ್ಡವ್ವನನ್ನು ನಿಲ್ಲಿಸುವ ಮುಂಚೆ ಅವಳೊಳಗೆ ಇರುವುದನ್ನೆಲ್ಲ ಪಟ್ಟಿ ಮಾಡಿಕೊಡಲು ಪದ್ಮರಾಜ ನನಗೆ ಹೇಳಿದ. ಯಾವ ನಂಬರು ಯಾರ ಮನೆಯದು, ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಎಲ್ಲ. ಹದಿನೆಂಟು ದಿನ ಕೂತು ಬರೆದೆ.

'ಪಟ್ಟಿಯಲ್ಲಿ ಇಲ್ಲದ್ದು ಏನಾದರೂ ಇದೆಯಾ ನೀಲವ್ವನವರೇ? ಸಣ್ಣದಾದರೂ ಸರಿ. ಇಂಥ ಕಡೆ ಸಣ್ಣದೇ ಆಮೇಲೆ ದೊಡ್ಡದಾಗ್ತದೆ.'

'ಏನೂ ಇಲ್ಲರಿ' ಎಂದೆ.

ಇತ್ತು. ಮುನ್ನೂರ ಹದಿನೆಂಟು ಎಂಬ ನಂಬರು.

ಅದು ಚಂಪಾಳ ಮನೆಯದು. ಹೊಳೆಯ ದಂಡೆಯಲ್ಲಿ ಕಟ್ಟಿಗೆಯ ಹಣಿಗೆ ಮಾಡಿ ಮಾರುವ ಗುರುಪಾದಪ್ಪನ ಒಬ್ಬಳೇ ಮಗಳು ಚಂಪಾ. ದೋಣಿ ನಡೆಸುವ ಅಂಬಿಗರ ಸೋಮನಿಂಗನನ್ನು ಮದುವೆಯಾಗುತ್ತೇನೆಂದು ಹಟ ಹಿಡಿದಳು, ಮದುವೆಯಾಗಿ ಆಚೆ ದಂಡೆಗೆ ಹೋದಳು. ಗುರುಪಾದಪ್ಪ ಅಂದೇ ನನ್ನ ಹತ್ತಿರ ಬಂದು, 'ಅಕಿ ಫೋನು ಮಾಡಿದ್ರ ನಾ ಇಲ್ಲಂತ ಹೇಳು' ಎಂದ. ಯಾರು ಎಲ್ಲಿದ್ದಾರೆ ಎಂದು ಹೇಳುವುದೇ ನನ್ನ ಕೆಲಸ. ಇದ್ದವನನ್ನು ಇಲ್ಲ ಎನ್ನುವುದು ಅಂದಿನವರೆಗೆ ನನ್ನ ಬಾಯಲ್ಲಿ ಬಂದಿರಲಿಲ್ಲ. ಆದರೆ ಅವನು ಹಿರಿಯ, ಮಗಳು ಅವನವಳು, ನಡುವೆ ನಾನ್ಯಾರು ಎಂದುಕೊಂಡು ಒಪ್ಪಿದೆ. ಒಂದೂವರೆ ವರ್ಷದಲ್ಲಿ ಚಂಪಾ ಹತ್ತೊಂಬತ್ತು ಸಲ ಫೋನು ಮಾಡಿದಳು. ಅವನು ತನ್ನ ಅಂಗಡಿಯಲ್ಲೇ ಕೂತಿರುತ್ತಿದ್ದ, ಫೋನು ಅವನ ಮೊಣಕಾಲ ಪಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು, ಎತ್ತುತ್ತಿರಲಿಲ್ಲ. ಏಳನೆಯ ರಿಂಗಿಗೆ ಕರೆ ನನ್ನ ಹತ್ತಿರ ಬರುತ್ತಿತ್ತು. ನಾನು ಏನಾದರೊಂದು ಹೇಳುತ್ತಿದ್ದೆ. ಆಮೇಲೆ ಚಂಪಾ ಜ್ವರ ಬಂದು ತೀರಿಕೊಂಡಳು. ಮಣ್ಣಿಗೂ ಗುರುಪಾದಪ್ಪ ಹೋಗಲಿಲ್ಲ. ಸೋಮನಿಂಗ ಮನೆಯ ಫೋನು ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು ಹೋದ.

ಹದಿಮೂರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಗುರುಪಾದಪ್ಪ ಆ ನಂಬರಿಗೆ ಫೋನು ಮಾಡಿದ. ದೊಡ್ಡವ್ವನ ಮೇಲೆ ಆ ನಂಬರಿನ ದೀಪ ಹತ್ತಿತು. ಈ ನಂಬರು ಈಗ ಇಲ್ಲ ಎಂದು ಅವನ ಕಿವಿಯಲ್ಲಿ ಹೇಳಲು ನನ್ನಿಂದಾಗಲಿಲ್ಲ. ಕೈಗೆ ಸಿಕ್ಕ ತಂತಿಯಿಂದ ಆ ನಂಬರನ್ನು ನನ್ನ ಮೇಜಿನ ಕೆಳಗಿನ ಗಂಟೆಗೆ ಕೂಡಿಸಿದೆ. ಏಳು ಸಲ ಬಾರಿಸಿತು. ಇಟ್ಟುಬಿಟ್ಟ. ಮರುದಿನವೂ ನಾಲ್ಕಕ್ಕೆ. ಹನ್ನೊಂದು ವರ್ಷ ದಿನಾ ನಾಲ್ಕಕ್ಕೆ ನನ್ನ ಮೊಣಕಾಲ ಹತ್ತಿರ ಆ ಗಂಟೆ ಬಾರಿಸಿತು, ನಾನು ಎತ್ತಲಿಲ್ಲ. ಇದನ್ನು ಯಾವ ಪಟ್ಟಿಯಲ್ಲಿ ಏನೆಂದು ಬರೆಯಲಿ? ಬರೆಯದಿದ್ದರೆ ಹೊಸ ಪದ್ಧತಿಗೆ ಆ ನಂಬರು ಗೊತ್ತೇ ಆಗುವುದಿಲ್ಲ, ಬರಿದೆ ಬಾರಿಸಿ ಸುಮ್ಮನಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತಂತೆ.

ಹೊಳೆಯ ದಂಡೆಯ ಫೋನುಗಳು ಮಾತ್ರ ಕೊನೆಯವರೆಗೂ ದೊಡ್ಡವ್ವನ ಮೇಲೇ ಇದ್ದವು. ಒಂದು ಸೋಮವಾರ ಬೆಳಿಗ್ಗೆ ಅವಳನ್ನೂ ನಿಲ್ಲಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಊಟದ ಹೊತ್ತಿಗೆ ಕಪಾಟುಗಳೆಲ್ಲ ಗಾಡಿಯ ಮೇಲಿದ್ದವು. ನಾನು ಮನೆಗೆ ಬಂದು, ಉಣ್ಣಲು ಮನಸ್ಸಿಲ್ಲದೆ ಕಟ್ಟೆಯ ಮೇಲೆ ಕೂತಿದ್ದೆ. ನಾಲ್ಕು ದಾಟಿ ಸ್ವಲ್ಪ ಹೊತ್ತಿಗೆ ಗುರುಪಾದಪ್ಪ ಬಂದ. ಎಪ್ಪತ್ತಾರರ ಮುದುಕ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

'ನೀಲವ್ವಾ, ಎತ್ತಿದ್ರು' ಎಂದ.

'ಯಾರ್ರೀ?'

'ಗೊತ್ತಿಲ್ಲ. ಒಂದ ರಿಂಗಿಗೆ ಎತ್ತಿದ್ರು. ಹೇಳಿ ಅಂದ್ಲು, ಹೆಣ್ಮಗಳ ದನಿ. ನಾ ಅಕಿನ ಅಂತ…' ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಆಮೇಲೆ, 'ಆ ಫೋನು ಇಷ್ಟ ದಿನಾ ಎಲ್ಲಿ ಬಾರಸ್ತಿತ್ತು?' ಎಂದು ಕೇಳಿದ.

ಸುಳ್ಳು ಹೇಳುವುದು ಸಾಕಾಗಿತ್ತು. 'ನನ್ನ ಮೇಜಿನ ಕೆಳಗ್ರೀ' ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. 'ಚಲೋ ಮಾಡಿದಿ' ಎಂದ. 'ಅಕಿ ಮಾಡಿದಾಗ ನಾ ಎತ್ತಲಿಲ್ಲ. ಈಗ ನಾ ಮಾಡತೇನಿ, ಅಕಿ ಎತ್ತಂಗಿಲ್ಲ. ಅಷ್ಟ ನನಗ ಉಳದದ್ದು. ನನಗ ಮಾತು ಬ್ಯಾಡ, ಎತ್ತದ ಫೋನು ಬೇಕು. ಏನರ ಮಾಡಿ ಅದನ್ನ ಮೊದಲಿನಂಗ ಮಾಡಿಕೊಡು.'

ಇಪ್ಪತ್ತಾರು ವರ್ಷದಲ್ಲಿ ಫೋನು ಕೆಟ್ಟಿದೆ, ಸರಿಮಾಡಿಕೊಡು ಎಂದು ಬಂದವರು ಸಾವಿರ ಜನ. ಸರಿಯಾಗಿದೆ, ಕೆಡಿಸಿಕೊಡು ಎಂದವನು ಇವನೊಬ್ಬನೇ. ಆದರೂ ನನಗೆ ನಗು ಬರಲಿಲ್ಲ. ಮಾಡಿಕೊಡುತ್ತೇನೆ ಎಂದೆ.

ಮರುದಿನ ಪದ್ಮರಾಜನನ್ನು ಹುಡುಕಿದೆ. ಅವನಿಗೂ ಈಗ ಕಚೇರಿ ಇರಲಿಲ್ಲ, ಯಾವ ಕೋಣೆಯಲ್ಲಿ ಇರುತ್ತಾನೆ ಎಂಬುದು ಅವನಿಗೇ ಬೆಳಿಗ್ಗೆ ಗೊತ್ತಿರುತ್ತಿರಲಿಲ್ಲ. ಮೊದಲು ಸಿಕ್ಕ ಕೋಣೆಯಲ್ಲಿ ಕರೆ ಎತ್ತುವವರಿದ್ದರು. ಎರಡನೆಯದರಲ್ಲಿ ಕರೆ ಎಷ್ಟು ಹೊತ್ತು ನಡೆಯಿತೆಂದು ನೋಡುವವರು. ಮೂರನೆಯದರಲ್ಲಿ ಉಳಿದ ಕೋಣೆಗಳು ಇವೆಯೋ ಇಲ್ಲವೋ ಎಂದು ಕೂಗಿ ಕೇಳುವವರು. 'ಫೋನು ಎತ್ತದೇ ಇರೋವ್ರು ಯಾವ ಕೋಣೆಯೊಳಗ ಇರತಾರ?' ಎಂದು ಎಲ್ಲರನ್ನೂ ಕೇಳಿದೆ. 'ಹೇಳಿ' ಎಂದರು. ಹೇಳಿದ್ದನ್ನೇ ಮತ್ತೆ ಹೇಳಿದೆ. ಅಷ್ಟರಲ್ಲಿ ಅವರು ಹೋಗಿ ಬೇರೆಯವರು ಬಂದಿದ್ದರು. ಅವರೂ 'ಹೇಳಿ' ಎಂದರು. ನಾನು ಊರಿನಲ್ಲಿದ್ದೇನೋ ಕನಸಿನಲ್ಲಿದ್ದೇನೋ ತಿಳಿಯದೆ, ಹುಟ್ಟಿ ಬೆಳೆದ ಓಣಿಯಲ್ಲೇ ಎರಡು ಸಲ ದಾರಿ ತಪ್ಪಿದೆ. ಕೊನೆಗೆ ಗಾಣದ ಮನೆಯ ಹಿಂದೆ ಪದ್ಮರಾಜ ಸಿಕ್ಕ.

ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದ. ಒಳ್ಳೆಯ ಹುಡುಗ, ಕಣ್ಣು ಕೆಂಪಾದವು.

'ಪಟ್ಟಿಯಲ್ಲಿ ಇಲ್ಲದ ನಂಬರಿಗೂ ಕರೆ ಬಂದರೆ ಅದಕ್ಕೊಂದು ಘಟಕ ಏಳ್ತದೆ, ನೀಲವ್ವನವರೇ. ಕರೆ ಬಿದ್ದುಹೋಗಬಾರದು ಅನ್ನೋದೇ ಈ ಪದ್ಧತಿಯ ಜೀವ. ಮೂರು ರಿಂಗಿನೊಳಗೆ ಎತ್ತದೇ ಇದ್ದರೆ ಆ ಘಟಕ ಕೆಟ್ಟಿದೆ ಅಂತ ಲೆಕ್ಕ. ಅದು ಹೋಗಿ ಇನ್ನೊಂದು ಬರ್ತದೆ.'

'ಒಂದಕ್ಕರ ಎತ್ತಬ್ಯಾಡ ಅಂತ ಹೇಳಾಕ ಬರೂದಿಲ್ಲೇನು?'

'ಯಾರಿಗೆ ಹೇಳಲಿ? ಹೇಳಿದ್ದು ಅವರ ಜೊತೆಗೇ ಹೋಗ್ತದಲ್ಲ.' ಆಮೇಲೆ, 'ಒಳಗೆ ಯಾರು ಕೂತಿದ್ದಾರೆ ಅಂತ ಯಾರೂ ನೋಡೋದಿಲ್ಲ' ಎಂದ. ಅದನ್ನು ನನಗೆ ದಾರಿ ತೋರಿಸಲೆಂದೇ ಹೇಳಿದನೋ, ಸುಮ್ಮನೆ ಹೇಳಿದನೋ, ಇಂದಿಗೂ ನನಗೆ ಗೊತ್ತಿಲ್ಲ.

ಗುರುಪಾದಪ್ಪನ ಕರೆಗೆಂದು ಏಳುವ ಕೋಣೆ ಹೊಳೆಯ ಮೆಟ್ಟಿಲುಗಳ ಪಕ್ಕದ ಮರಳಿನಲ್ಲಿ, ಅವನ ಅಂಗಡಿಯಿಂದ ನೂರು ಹೆಜ್ಜೆ ದೂರದಲ್ಲಿ ನಿಲ್ಲುತ್ತಿತ್ತು. ಬುಧವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಹೋದೆ. ಕರೆಯ ಹೊತ್ತು ಅದಕ್ಕೂ ಗೊತ್ತಾಗಿತ್ತೋ ಏನೋ, ಕೋಣೆ ಆಗಲೇ ಎದ್ದಿತ್ತು. ಒಳಗಿದ್ದ ಹುಡುಗಿಗೆ, 'ತಂಗೀ, ಸ್ವಲ್ಪ ಏಳು, ಇವತ್ತ ನಾ ಕೂಡತೇನಿ' ಎಂದೆ. ಎದ್ದು ನಮಸ್ಕಾರ ಮಾಡಿ ಹೋದಳು. ಬಾಗಿಲು ದಾಟಿದ ಮೇಲೆ ಯಾವ ಕಡೆ ಹೋದಳೆಂದು ಕಾಣಲಿಲ್ಲ. ಕೂತೆ. ಫೋನು ಬಾರಿಸಿತು. ಒಂದು, ಎರಡು, ಮೂರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಎತ್ತದೆ ಇರುವುದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವ. ನಾಲ್ಕನೆಯ ರಿಂಗು ಮುಗಿಯುವ ಮುಂಚೆ ನಾನು ಬಿಸಿ ಮರಳಿನ ಮೇಲೆ ಕೂತಿದ್ದೆ. ಕುರ್ಚಿ ಇಲ್ಲ, ಗೋಡೆ ಇಲ್ಲ. ಹತ್ತು ಅಡಿ ಆಚೆ ಇನ್ನೊಂದು ಕೋಣೆ ನಿಂತಿತ್ತು, ಅದರೊಳಗಿಂದ ಯಾರೋ ಮೃದುವಾಗಿ, 'ಹೇಳಿ' ಎನ್ನುವುದು ಕೇಳಿಸಿತು. ಗುರುಪಾದಪ್ಪ ಅಂಗಡಿಯಲ್ಲಿ ಫೋನು ಕುಕ್ಕಿದ ಸದ್ದು ನನ್ನವರೆಗೆ ಬಂತು.

ಆ ರಾತ್ರಿ ನಾನು ಬಹಳ ಯೋಚಿಸಿದೆ. ನಾನು ಎತ್ತದಿದ್ದರೆ ಗೊತ್ತಿಲ್ಲದವರು ಎತ್ತುತ್ತಾರೆ. ದಿನಕ್ಕೊಬ್ಬರು, ಏನೂ ತಿಳಿಯದವರು, ಆ ಮುದುಕನಿಗೆ 'ಹೇಳಿ' ಎನ್ನುತ್ತಾರೆ. ನಾನು ಎತ್ತಿದರೆ ಅವನು ಬೇಡವೆಂದದ್ದನ್ನೇ ಮಾಡಿದಂತಾಗುತ್ತದೆ. ಎರಡರಲ್ಲಿ ಯಾವುದು ದ್ರೋಹ ಎಂದು ಬಗೆಹರಿಯಲಿಲ್ಲ. ಬಗೆಹರಿಯದೆಯೇ ಗುರುವಾರ ನಾಲ್ಕಕ್ಕೆ ಹೋಗಿ ಕೂತೆ.

ಮೂರನೆಯ ರಿಂಗಿಗೆ ಎತ್ತಿದೆ. 'ನಾನ್ರೀ, ನೀಲಾ' ಎಂದೆ.

'ನೀನ ಎತ್ತಿದೇನು?'

'ನಾ ಎತ್ತದಿದ್ರ ಯಾರರ ಎತ್ತತಾರ್ರೀ. ಎತ್ತದ ಫೋನು ಇನ್ನ ಸಿಗೂದಿಲ್ಲ. ನನ್ನ ಕೈಲೆ ಆಗಲಿಲ್ಲ.'

ಇಡುತ್ತಾನೆ ಎಂದು ಕಾದೆ. ಇಡಲಿಲ್ಲ. ಎತ್ತಿದ ಮೇಲೆ ಏನಾದರೂ ಮಾತಾಡಲೇಬೇಕು, ಫೋನಿನ ಗುಣವೇ ಅದು. 'ಅಕಿ ಎಷ್ಟ ಸಲ ಮಾಡಿದ್ಲು?' ಎಂದು ಕೇಳಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

'ಹತ್ತೊಂಬತ್ತು.'

'ನಾ ಎಲ್ಲೆ ಹೋಗೇನಿ ಅಂತ ಹೇಳಿದಿ?'

ಎಲ್ಲ ನನಗೆ ನೆನಪಿತ್ತು. ಮೊದಲ ಸಲ ಗಿರಣಿಗೆ. ಎರಡನೆಯ ಸಲ ಕ್ಷೌರಕ್ಕೆ. ಆಮೇಲೆ ಕಟ್ಟಿಗೆ ತರಲು, ಮದುವೆಗೆ, ಇನ್ನೊಂದು ಮದುವೆಗೆ, ಹಲ್ಲು ಕೀಳಿಸಲು. ಒಂದೊಂದಾಗಿ ಹೇಳುತ್ತಾ ಹೋದೆ, ಅವನು ಒಂದೊಂದಕ್ಕೂ ಹೂಂ ಅನ್ನುತ್ತಾ ಹೋದ. 'ಹಲ್ಲು ಕೀಳಿಸಾಕ ಹೋಗ್ಯಾರ ಅಂದಾಗ ಬಾಳ ನೋವಾತೇನು ಅಂತ ಕೇಳಿದ್ಲು' ಎಂದೆ. ಅದಕ್ಕೆ ಅವನು ಹೂಂ ಅನ್ನಲಿಲ್ಲ. ಹದಿನೆಂಟಕ್ಕೆ ಬಂದು ನಾನು ನಿಂತೆ.

'ಇನ್ನೊಂದು?'

ಆ ಒಂದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಚಂಪಾಳ ದನಿ ಎಷ್ಟು ಸಣ್ಣಗಾಗಿತ್ತೆಂದರೆ ಯಾರೆಂದು ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು. 'ನೀಲಕ್ಕಾ, ಅಪ್ಪ ಎಲ್ಲೆ ಅದಾನ?' ಎಂದಿದ್ದಳು. ಗಿರಣಿ ಎನ್ನಲು ಬಾಯಿ ಏಳಲಿಲ್ಲ.

'ನಿಮ್ಮ ಮನೀಗೇ ಹೊಂಟಾರ, ದಾರ್ಯಾಗ ಅದಾರ ಅಂತ ಹೇಳಿದೆ' ಎಂದೆ. ಅಳು ಬಂದದ್ದನ್ನು ತಡೆಯದೆ ಉಳಿದದ್ದನ್ನೂ ಹೇಳಿದೆ. 'ಅಕಿ ಸೋಮನಿಂಗನ್ನ ಕಳಿಸಿದ್ಲು. ನೀವು ಬರತೀರಿ ಅಂತ, ನಿಮ್ಮ ಅಂಗಡಿ ತನಕಾ ಬರಾಕ ಅಂಜಿ, ಅಂವ ಎರಡ ದಿನ ಈ ದಂಡೀಗೆ ದೋಣಿ ಹಚ್ಚಿಕೊಂಡು ಕಾದಾನ. ಅಕಿ ಹೋದಾಗ ಅಂವ ಅಕಿ ಹತ್ರ ಇರಲಿಲ್ಲ, ಇಲ್ಲಿ ಮೆಟ್ಟಲ ಮ್ಯಾಲ ನಿಮ್ಮ ದಾರಿ ನೋಡಾಕತ್ತಿದ್ದ. ತಪ್ಪು ನಂದ್ರೀ.'

ಹೊಳೆಯ ನೀರು ಮೆಟ್ಟಿಲಿಗೆ ಬಡಿಯುವ ಸದ್ದು ಎರಡು ಕಡೆಯಿಂದ ಕೇಳುತ್ತಿತ್ತು, ನನ್ನ ಬಾಗಿಲಿನಿಂದಲೂ ಅವನ ಫೋನಿನಿಂದಲೂ.

'ಹಂಗಾರ ನಾ ಇನ್ನೂ ದಾರ್ಯಾಗ ಅದೇನಿ' ಎಂದ ಗುರುಪಾದಪ್ಪ. ಫೋನು ಮೆಲ್ಲಗೆ ಇಟ್ಟ.

ಕರೆ ಮುಗಿಯಿತು, ಕೋಣೆಯೂ ಹೋಯಿತು. ನಾನು ಮರಳಿನ ಮೇಲೆ ನಿಂತಿದ್ದೆ. ಅವನು ಅಂಗಡಿಯಿಂದ ಹೊರಗೆ ಬಂದ. ಹೆಗಲ ಮೇಲೆ ಹಣಿಗೆ ಕೊರೆದ ಪುಡಿ ಹಾಗೇ ಇತ್ತು, ಬಾಗಿಲನ್ನೂ ಎಳೆದುಕೊಳ್ಳಲಿಲ್ಲ. ನನ್ನ ಪಕ್ಕದಲ್ಲೇ ಹಾದುಹೋದ, ನೋಡಲಿಲ್ಲ. ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ನೀರು ಕಾಲಿಗೆ ತಾಗುವಲ್ಲಿ ನಿಂತ. ಆಚೆ ದಂಡೆಯಲ್ಲಿ ಸೋಮನಿಂಗ ದೋಣಿಯ ಹತ್ತಿರ ಬಗ್ಗಿ ಏನೋ ಮಾಡುತ್ತಿದ್ದ. ನಮ್ಮೂರಿನಲ್ಲಿ ದೋಣಿ ಬೇಕಾದವರು 'ಏ ದೋಣೀ' ಎಂದು ಕೂಗುತ್ತಾರೆ. ಗುರುಪಾದಪ್ಪ ಎರಡೂ ಕೈಗಳನ್ನು ಬಾಯಿಗೆ ಹಿಡಿದು, 'ಅಳಿಯಾ' ಎಂದು ಕೂಗಿದ.

ಸೋಮನಿಂಗ ತಲೆ ಎತ್ತಿದ. ಗುರುಪಾದಪ್ಪ ಮತ್ತೊಮ್ಮೆ ಕೂಗಿದ. ಸೋಮನಿಂಗ ಬಹಳ ಹೊತ್ತು ನಿಂತಲ್ಲೇ ನಿಂತಿದ್ದ. ಅವನು ಬರುತ್ತಾನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಹಗ್ಗ ಬಿಚ್ಚಿದ.